ಕೆಂಪು ಗೆರೆಯ ಕೆಳಗೆ

"ಮುಟ್ಬೇಡಿ ಮೇಡಂ. ಸಾಹೇಬ್ರು ನೋಡಿದ್ರೆ ನಂಗೆ ಬೈತಾರೆ," ಎಂದ ಪೇದೆ ಸುನೀಲ್ ಕುಮಾರ್.

ಇರಮ್ ಆಗಲೇ ಮುಟ್ಟಿದ್ದಳು. ಗುಂಡ್ಲುಪೇಟೆ ಠಾಣೆಯ ಹಿತ್ತಲಲ್ಲಿ, ಸೀಟಿಲ್ಲದ ಸ್ಕೂಟರುಗಳು, ಬಳ್ಳಿ ಹಬ್ಬಿದ ಆಟೋಗಳ ನಡುವೆ ಅವಳ ಅಣ್ಣ ಆದಿಲ್‌ನ ಬೈಕು ಒಂದು ಕಡೆಗೆ ವಾಲಿಕೊಂಡು ನಿಂತಿತ್ತು. ಅವಳು ಅದರ ಮುಂದೆ ಮಂಡಿಯೂರಿ ಕೂತಿದ್ದಳು. ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ದಿನವಿಡೀ ಬೋಲ್ಟುಗಳ ಅಳತೆ ನೋಡುವ ಬೆರಳುಗಳು ಹ್ಯಾಂಡಲ್ಲಿನ ಬುಡದಲ್ಲಿ ಏನನ್ನೋ ತಡವುತ್ತಿದ್ದವು.

"ಒಂದ್ನಿಮಿಷ ಸುನೀಲಣ್ಣ. ಸಂಜೆ ಗುಜರಿಯವ್ನು ಬಂದ್ಮೇಲೆ ಮುಟ್ಟೋಕೆ ಗಾಡಿ ಎಲ್ಲಿರುತ್ತೆ?"

ಪೇದೆ ಆ ಕಡೆ ತಿರುಗಿ ನಿಂತು, ನೋಡಿಯೇ ಇಲ್ಲ ಎಂಬಂತೆ ಹುಣಸೆಮರದ ಕಡೆ ಕಣ್ಣು ಹಾಯಿಸಿದ. ಇಷ್ಟು ದೊಡ್ಡ ಉಪಕಾರವನ್ನು ಆ ಠಾಣೆಯಲ್ಲಿ ಯಾರೂ ಅವಳಿಗೆ ಮಾಡಿರಲಿಲ್ಲ.

ಗಾಡಿಯನ್ನು ಗುಜರಿಗೆ ಹಾಕುವುದು ಅಬ್ಬಾ ಅಬ್ದುಲ್ ಜಬ್ಬಾರ್ ಅವರ ತೀರ್ಮಾನ. "ಮಗನನ್ನ ತಿಂದ ಗಾಡಿ ನನ್ನ ಕಣ್ಣಿಗೆ ಬೀಳಬಾರದು," ಎಂದಿದ್ದರು. ಅಪಘಾತವಾದ ಮೇಲೆ ಒಮ್ಮೆಯೂ ಅವರು ಅದನ್ನು ನೋಡಿರಲಿಲ್ಲ. ನೋಡುವ ಕಣ್ಣೂ ಆಗ ಅವರಿಗಿರಲಿಲ್ಲ. ಎರಡಕ್ಕೂ ಪೊರೆ ಬಂದಿತ್ತು.

ಪೊಲೀಸರು ಮೊದಲು ಬರೆದುಕೊಂಡದ್ದು ಅತಿವೇಗ ಎಂದು. ತೆರಕಣಾಂಬಿಯ ಆಚೆ ಕರುವೊಂದು ರಸ್ತೆಗೆ ಬಂತು, ಆದಿಲ್ ಜೋರಾಗಿ ಬ್ರೇಕ್ ಹಿಡಿದ, ಹ್ಯಾಂಡಲ್ ಅತ್ತಿತ್ತ ಹೊಡೆದಾಡಿ ಗಾಡಿ ಅವನನ್ನು ಎತ್ತಿ ಒಗೆಯಿತು. ಕರು ಉಳಿಯಿತು. ಚಾಮರಾಜನಗರದ ಅರ್ಧ ಹುಡುಗರಿಗೆ ಬ್ರೇಕ್ ಹಿಡಿಯುವುದನ್ನು ಕಲಿಸಿದವನು ಬ್ರೇಕ್ ಹಿಡಿಯಲು ಬರದೆ ಸತ್ತ ಎಂದರೆ ತಂಗಿಯಾದವಳು ನಂಬುವುದು ಹೇಗೆ? ಇರಮ್ ನಂಬಲಿಲ್ಲ. ದೂರು ಕೊಟ್ಟಳು. ದೂರಿನಲ್ಲಿ ಒಂದು ಹೆಸರನ್ನೂ ಹೇಳಿದಳು.

ಆ ಹೆಸರು ಅಕೀಬ್. ಆದಿಲ್ ಜೊತೆ ಗ್ಯಾರೇಜ್ ನಡೆಸುತ್ತಿದ್ದವನು, ಅಪಘಾತಕ್ಕೆ ಮೊದಲು ಆ ಗಾಡಿಯನ್ನು ಬಿಚ್ಚಿ ರಿಪೇರಿ ಮಾಡಿದವನು. ಇರಮ್‌ಳ ಬೆರಳಿನಲ್ಲಿ ಇನ್ನೂ ಇರುವ ಉಂಗುರ ಅವನ ಮನೆಯವರು ತೊಡಿಸಿದ್ದು.

ಅವಳು ಕುರ್ತಾದ ಜೇಬಿನಿಂದ ಅಳತೆ ನೋಡುವ ವರ್ನಿಯರ್ ತೆಗೆದಳು.

ಬೈಕಿನ ಮುಂದಿನ ಚಕ್ರವನ್ನು ಹಿಡಿದಿರುವುದು ಎರಡು ಪೈಪು. ಶಾಕ್ ಇರುವುದು ಅವುಗಳ ಒಳಗೇ. ಪೈಪುಗಳ ತಲೆ ಹ್ಯಾಂಡಲ್ಲಿನ ಬುಡದಲ್ಲಿರುವ ಕ್ಲ್ಯಾಂಪಿನೊಳಗೆ ಬಿಗಿಯಾಗಿ ಕೂತಿರುತ್ತದೆ. ಈ ಗಾಡಿಯಲ್ಲಿ ಕ್ಲ್ಯಾಂಪೂ ಪೈಪಿನ ತಲೆಯೂ ಒಂದೇ ಸಮವಾಗಿರಬೇಕು. ಅದು ಅವಳಿಗೆ ಗೊತ್ತಿತ್ತು, ಗಾಡಿ ಕೊಂಡ ದಿನ ಅದನ್ನು ತೊಳೆದವಳು ಅವಳೇ. ಈಗ ಎರಡೂ ಪೈಪುಗಳು ಎರಡು ಬೆರಳಿನಗಲ ಮೇಲಕ್ಕೆ ಎದ್ದು ನಿಂತಿದ್ದವು.

ಪೈಪು ಮೇಲೆ ಬಂದಷ್ಟೂ ಗಾಡಿಯ ಮೂತಿ ಕೆಳಗಿಳಿಯುತ್ತದೆ. ನೆಟ್ಟಗಿನ ರಸ್ತೆಯಲ್ಲಿ ಸುಮ್ಮನೆ ಹೋಗುತ್ತಿದ್ದರೆ ಅದರ ತೊಂದರೆ ತಿಳಿಯುವುದಿಲ್ಲ. ಜೋರಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ನುಗ್ಗುತ್ತದೆ. ಮೊದಲೇ ತಗ್ಗಿರುವ ಮೂತಿ ಇನ್ನೂ ತಗ್ಗಿ, ಮಡ್‌ಗಾರ್ಡು ಮೇಲಿನ ಕಬ್ಬಿಣಕ್ಕೆ ಬಡಿಯುತ್ತದೆ. ಹಿಂದಿನ ಚಕ್ರಕ್ಕೆ ನೆಲದ ಹಿಡಿತವಿರುವುದಿಲ್ಲ. ಆಗ ಹ್ಯಾಂಡಲ್ ಯಾರ ಕೈಯ ಮಾತನ್ನೂ ಕೇಳುವುದಿಲ್ಲ.

ಇರಮ್ ಮಡ್‌ಗಾರ್ಡಿನ ಮೇಲ್ಭಾಗಕ್ಕೆ ಬೆರಳಿಟ್ಟಳು. ಅಲ್ಲಿ ಸೀಳಿತ್ತು. ಅದರ ನೇರಕ್ಕೆ ಕ್ಲ್ಯಾಂಪಿನ ತಳದಲ್ಲಿ ಕಪ್ಪು ಉಜ್ಜಿದ ಗುರುತು.

"ಸಿಕ್ತೇನಮ್ಮ?"

ಸಬ್ ಇನ್ಸ್‌ಪೆಕ್ಟರ್ ಶಿವಮೂರ್ತಿ ಹಿಂದೆ ಬಂದು ನಿಂತಿದ್ದರು. ಕೆಟ್ಟ ಮನುಷ್ಯರಲ್ಲ. ಮೇಜಿನ ಮೇಲಿರುವ ಕೇಸುಗಳು ಬೇಗ ಮುಗಿಯಲಿ ಎಂದು ಬಯಸುವ ಎಲ್ಲರಂತೆ ಒಬ್ಬರು.

"ಸರ್, ಇದು ಯಾರೋ ತಗ್ಗಿಸಿರೋದು."

"ಬಿದ್ದ ಏಟಿಗೆ ಪೈಪು ಜರುಗಿರಬಹುದಲ್ವಾ?"

"ಏಟಿಗೆ ಜರುಗಿದ್ರೆ ಪೈಪಿನ ಮೇಲೆ ಉದ್ದಕ್ಕೆ ಗೀರು ಬೀಳ್ಬೇಕು ಸರ್. ನೋಡಿ, ಒಂದು ಗೀರೂ ಇಲ್ಲ. ಬೋಲ್ಟು ಸಡಿಲ ಮಾಡಿ, ಜರುಗಿಸಿ, ಮತ್ತೆ ಬಿಗಿ ಮಾಡಿದ್ದಾರೆ. ಎರಡೂ ಪೈಪು ಒಂದೇ ಅಳತೆ. ನೀಟಾದ ಕೆಲಸ."

"ಬೋಲ್ಟು ಸಡಿಲ ಬಿಟ್ಟಿಲ್ವಾ?"

"ಇಲ್ಲ. ಚೆನ್ನಾಗಿ ಬಿಗಿಯಾಗಿದೆ."

ಶಿವಮೂರ್ತಿ ಗದ್ದ ಕೆರೆದುಕೊಂಡರು. "ಕೊಲ್ಲೋನು ಬೋಲ್ಟು ಬಿಗಿ ಮಾಡ್ತಾನೇನಮ್ಮ?"

ಆ ಪ್ರಶ್ನೆ ಇರಮ್‌ಗೆ ಇಷ್ಟವಾಗಲಿಲ್ಲ. ಉತ್ತರವಿಲ್ಲದ ಪ್ರಶ್ನೆಗಳು ಯಾರಿಗೆ ಇಷ್ಟವಾಗುತ್ತವೆ? ಅವಳು ಮತ್ತೆ ಬಗ್ಗಿದಳು. ಆಗ ಕಂಡದ್ದು ಆ ಗೆರೆ.

ಎಡಗಡೆಯ ಪೈಪಿಗೆ, ತಲೆಯಿಂದ ಒಂದು ಬೆರಳು ಕೆಳಗೆ, ಕೆಂಪು ಬಣ್ಣದ ಸಣ್ಣ ಗೆರೆ ಎಳೆದಿತ್ತು. ಗೆರೆಯಿಂದ ಕ್ಲ್ಯಾಂಪಿಗೆ ಇನ್ನೂ ಒಂದು ಬೆರಳು. ಅಂದರೆ ಯಾರೋ 'ಇಲ್ಲಿಯವರೆಗೆ ಸಾಕು' ಎಂದು ಗುರುತು ಹಾಕಿಕೊಂಡಿದ್ದರು. ಮತ್ತೆ ಯಾರೋ ಆ ಗುರುತನ್ನು ದಾಟಿದ್ದರು.

ಆ ಕೆಂಪು ಅವಳಿಗೆ ಚೆನ್ನಾಗಿ ಗೊತ್ತಿದ್ದ ಕೆಂಪು. ಹೋದ ಈದ್‌ಗೆ ದೊಡ್ಡಂಗಡಿ ಬೀದಿಯ ಬಳೆಯಂಗಡಿಯಲ್ಲಿ ಅವಳೇ ಆರಿಸಿ ಆರಿಸಿ ತಂದ ಉಗುರುಬಣ್ಣ. ತಂದದ್ದು ಆದಿಲ್‌ನ ಹೆಂಡತಿ ಬುಶ್ರಾಳಿಗೆ.

ಇರಮ್ ಅದನ್ನು ಇನ್ಸ್‌ಪೆಕ್ಟರಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಸುಮ್ಮನೆ ಕೊನೆಯದಾಗಿ ಕ್ಲ್ಯಾಂಪಿನ ಬೋಲ್ಟುಗಳನ್ನು ನೋಡಿದಳು. ಗಾಡಿಯ ಮೈಯೆಲ್ಲ ಧೂಳು, ಒಣಗಿದ ಮಣ್ಣು. ಆ ಬೋಲ್ಟುಗಳ ತಲೆ ಮಾತ್ರ ಬಟ್ಟೆಯಲ್ಲಿ ಉಜ್ಜಿದಂತೆ ಚೊಕ್ಕ. ಬಿಗಿ ಮಾಡುವ ಎಲನ್ ಕೀ ತೂರಿಸುವ ಒಂದು ಕುಳಿಯೊಳಗೆ ಏನೋ ಬೆಳ್ಳಗೆ ಉಳಿದಿತ್ತು. ಹೇರ್‌ಪಿನ್ನಿನಲ್ಲಿ ಕೆದಕಿದಾಗ ಪುಡಿಯಾಗಿ ಉದುರಿತು. ಅಲ್ಯೂಮಿನಿಯಂ ನೀರು ಕುಡಿದರೆ ಹೀಗೆ ಬೆಳ್ಳಗಾಗುತ್ತದೆ ಎಂದುಕೊಂಡು ಅವಳು ಪಿನ್ನನ್ನು ದುಪಟ್ಟಾಕ್ಕೆ ಒರೆಸಿದಳು.

ಠಾಣೆಯ ಜಗುಲಿಯ ಮೇಲೆ ಭೀಮನಬೀಡಿನ ದೊಡ್ಡಮಲ್ಲಪ್ಪ ಕೂತಿದ್ದ. ಕರುವಿನ ಯಜಮಾನ. ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದ ಕರು ಅವನ ಕೈಯಿಂದ ಹಗ್ಗ ಕಿತ್ತುಕೊಂಡು ರಸ್ತೆಗೆ ನುಗ್ಗಿತ್ತು. ಇರಮ್‌ಳನ್ನು ಕಂಡೊಡನೆ ಅವನು ಎದ್ದು ನಿಂತ.

"ಕರ ಮಾರ್ನಿಲ್ಲ ಕಣವ್ವ. ಆ ಉಡುಗ ಉಳ್ಸ್‌ಬುಟ್ಟೋದ ಜೀವ. ಎಂಗ್ ಮಾರ್ಲಿ?"

ಈ ಮುದುಕನ ಮೇಲೆ ಸಿಟ್ಟಾಗಲು ಇರಮ್ ಎಷ್ಟೋ ಸಲ ಪ್ರಯತ್ನಪಟ್ಟಿದ್ದಳು. ಆಗಿರಲಿಲ್ಲ.

"ಅಕೀಬ್ ಅಲ್ಲಿ ಏನು ಮಾಡಿದ ಅಂತ ಇನ್ನೊಂದ್ಸಲ ಹೇಳಿ ಅಜ್ಜ."

"ನಿಮ್ಮಣ್ಣನ ಪೋನಲ್ಲಿ ಕೊನೇಲಿದ್ದ ನಂಬರ್ಗೆ ನಾನೇ ಒತ್ತುದ್ದು. ಆ ಉಡುಗ ಓಡ್‌ಬಂದ. ನಿಮ್ಮಣ್ಣನ ತಲೆ ತೊಡೆ ಮ್ಯಾಲೆ ಇಟ್ಕಂಡು ಅತ್ತ. ಎಲ್ಲಾ ಮುಗ್ದೋಗಿತ್ತು. ಆಮ್ಯಾಕೆ ಗಾಡಿ ತಾವ್ಕೋದ. ಬಗ್ಗಿ ನೋಡ್ದ. ನೋಡ್ದೋನೆ ಅಂಗೇ ಕುಕ್ಕುರ್ಸ್‌ಬುಟ್ಟ. ಪೋಲೀಸ್ ಜೀಪು ಬರೋಗಂಟ ಕರ್ಚೀಪಲ್ಲಿ ಆ ಬೋಲ್ಟ್‌ಗಳ್ನ ತಿಕ್ತಾನೇ ಇದ್ದ ಕಣವ್ವ."

"ಅದ್ರ ಮೇಲೆ ರಕ್ತ ಇತ್ತಾ?"

"ರಕ್ತ ಎಲ್ಲಿತ್ತವ್ವ ಅಲ್ಲಿ. ಇರ್ನಿಲ್ಲ."

ಅಕೀಬ್ ಒಳಗಿನ ಬೆಂಚಿನ ಮೇಲಿದ್ದ. ಎರಡು ದಿನದಿಂದ ಕರೆಸಿ ಕೂರಿಸಿಕೊಂಡಿದ್ದರು. ಗಡ್ಡ ಬೆಳೆದಿತ್ತು. ಇರಮ್ ಎದುರಿಗೆ ಬಂದು ನಿಂತಾಗ ಅವನ ಕಣ್ಣು ಮೊದಲು ಹೋದದ್ದು ಅವಳ ಬೆರಳಿಗೆ. ಉಂಗುರ ಇರುವುದನ್ನು ನೋಡಿ ತಲೆ ತಗ್ಗಿಸಿದ.

ಅವರಿಬ್ಬರ ಮಾತು ಉರ್ದುವಿನಲ್ಲಿ ನಡೆಯಿತು. ಪಕ್ಕದಲ್ಲಿದ್ದ ಸುನೀಲ್ ಕುಮಾರನಿಗೆ ಅರ್ಥವಾಗಲಿಲ್ಲ; ಅರ್ಥವಾಗಿದ್ದರೂ ಹೆಚ್ಚೇನೂ ಸಿಗುತ್ತಿರಲಿಲ್ಲ.

"ಭಾಯ್‌ಜಾನ್ ಗಾಡಿ ಶಾಕ್ ಬಿಚ್ಚಿದ್ದು ನೀನು."

"ಆಯಿಲ್ ಬದಲಾಯಿಸಿದೆ. ಭಾಯ್‌ಜಾನೇ ದಪ್ಪನೆ ಆಯಿಲ್ ಹಾಕು ಅಂದ್ರು."

"ಯಾಕೆ?"

"ಮುಂದೆ ಒಂದು ಬೆರಳು ತಗ್ಗಿಸಿದೀನಿ, ಬ್ರೇಕ್ ಹಿಡಿದಾಗ ಜಾಸ್ತಿ ಕುಸಿಯಬಾರದು ಅಂದ್ರು. ತಗ್ಗಿಸಿದ್ದು ಯಾಕೆ ಅಂತ ಕೇಳ್ದೆ. ನಕ್ಕರು ಅಷ್ಟೇ."

"ಒಂದೇ ಬೆರಳಾ?"

"ಒಂದೇ. ನಾನೇ ಓಡಿಸಿ ನೋಡಿದೆ. ಬ್ರೇಕ್ ಹಿಡಿದು ನೋಡಿದೆ. ಗಾಡಿ ಕಲ್ಲಿನ ಹಾಗೆ ನಿಲ್ಲೋದು."

"ಈಗ ಎರಡು ಬೆರಳಿದೆ ಅಕೀಬ್."

ಅವನು ಆಶ್ಚರ್ಯಪಡಲಿಲ್ಲ. ಗೊತ್ತಿಲ್ಲದವನಾಗಿದ್ದರೆ 'ಏನು?' ಎಂದಾದರೂ ಕೇಳಬೇಕಿತ್ತು. ಇರಮ್ ಅದಕ್ಕಾಗಿ ಕಾದಳು. ಅವನು ಕೇಳಲಿಲ್ಲ.

"ಬೋಲ್ಟಿನ ಮೇಲಿಂದ ಏನು ಒರೆಸಿದೆ?"

"ರಕ್ತ."

"ರಕ್ತ ಇರಲಿಲ್ಲ."

"ಹಾಗಾದ್ರೆ ಮಣ್ಣು."

"ಅಕೀಬ್, ನಿನ್ನ ಮುಖ ನೋಡಿದ್ರೆ ನಂಗೆ ಅಳು ಬರುತ್ತೆ, ಸಿಟ್ಟು ಬರಲ್ಲ. ಅದಕ್ಕೇ ನನ್ನ ಮೇಲೆ ನಂಗೆ ಸಿಟ್ಟು. ನೀನು ಮಾಡಿಲ್ಲ ಅಂತ ಒಂದು ಮಾತು ಹೇಳು. ದೂರು ವಾಪಸ್ ತಗೊಂಡು ನಿನ್ನ ಕಾಲಿಗೆ ಬೀಳ್ತೀನಿ."

ಅಕೀಬ್ ಅವಳನ್ನೇ ನೋಡಿದ. ಹೇಳುವ ಮಾತು ತುಟಿಯವರೆಗೆ ಬಂದದ್ದು ಅವಳಿಗೆ ಕಂಡಿತು. ಅವನು ಅದನ್ನು ನುಂಗಿಕೊಂಡ.

"ನಾಳೆ ಭಾಯ್‌ಜಾನ್ ಚಾಲೀಸ್ವಾಂ, ನಲವತ್ತನೇ ದಿನ. ಮನೇಲಿ ಕೆಲಸ ಇರುತ್ತೆ, ಹೋಗು. ಗಾಡಿ ಗುಜರಿಗೆ ಹೋಗಲಿ."

"ಗಾಡಿ ಹೋದ್ರೆ ನೀನು ಉಳ್ಕೋತೀಯಾ?"

"ನಾನು ಉಳಿಯೋಕೆ ಹೇಳ್ತಿಲ್ಲ ಇರಮ್," ಎಂದ ಅವನು. ಎಷ್ಟು ಮೆಲ್ಲಗೆ ಎಂದರೆ, ಚಾಮರಾಜನಗರದ ಬಸ್ಸು ಹತ್ತಿದ ಮೇಲೂ ಅವಳು ಅದನ್ನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಯೋಚಿಸುತ್ತಿದ್ದಳು.

ಬಸ್ಸು ತೆರಕಣಾಂಬಿ ದಾಟುವಾಗ ಇರಮ್ ಯಾವತ್ತಿನಂತೆ ಕಣ್ಣು ಮುಚ್ಚಿಕೊಂಡಳು. ಆ ಜಾಗ ಹೋದ ಮೇಲೆ ತೆರೆದಳು. ಚೆಂಡುಹೂವಿನ ಹೊಲಗಳು ಹಳದಿಗೆ ಹಳದಿಯಾಗಿ ಹಾಯ್ದು ಹೋದವು. ಒಬ್ಬಳೇ ಹೆಣ್ಣು ಬಸ್ಸಿನ ಕಿಟಕಿಗೆ ಮುಖವಿಟ್ಟು ಅಳುತ್ತಿದ್ದರೆ ಕಂಡಕ್ಟರ್ ಕೂಡ ಟಿಕೆಟ್ ಕೇಳಲು ಹಿಂಜರಿಯುತ್ತಾನೆ. ಅವನು ಎಲ್ಲರನ್ನೂ ಮುಗಿಸಿ ಕೊನೆಗೆ ಅವಳ ಬಳಿ ಬಂದ.

ಮನೆಯಲ್ಲಿ ಅಮ್ಮಿ ದಿಲ್ಶಾದ್ ಬೇಗಂ ನಾಳೆ ಮಗನ ಹೆಸರಲ್ಲಿ ಓದಿಸುವ ಫಾತಿಹಾದ ಊಟಕ್ಕೆ ಅಕ್ಕಿ ಆರಿಸುತ್ತಿದ್ದರು. ಮೊರದಲ್ಲಿ ಕಲ್ಲಿರಲಿಲ್ಲ. ಆದರೂ ಆರಿಸುತ್ತಲೇ ಇದ್ದರು. ಅಬ್ಬಾ ಬಾಗಿಲ ಬಳಿಯ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಎಲೆಗೆ ಸುಣ್ಣ ಸವರುತ್ತಿದ್ದರು. ಹೋದ ವಾರವಷ್ಟೇ ಅವರ ಕಣ್ಣಿನ ಪೊರೆ ತೆಗೆದಿದ್ದರು.

"ಬಾ ಬೇಟಿ. ನೀನು ಬಂದ ಬಸ್ಸಿನ ಗೇರ್‌ಬಾಕ್ಸ್ ಹೋಗಿದೆ. ಸ್ಟಾಪಲ್ಲಿ ನಿಂತಾಗಲೇ ಇಲ್ಲಿಗೆ ಕೇಳಿಸ್ತು," ಎಂದರು.

ಕಣ್ಣು ಮಬ್ಬಾದ ವರ್ಷಗಳಲ್ಲಿ ಅಬ್ಬಾ ಕಿವಿಯಿಂದಲೇ ಬದುಕಿದ್ದರು. ಗ್ಯಾರೇಜನ್ನು ಮಗನಿಗೆ ಬಿಟ್ಟು ಮನೆಯಲ್ಲಿ ಕೂತಿದ್ದರೂ, ಬೀದಿಯಲ್ಲಿ ಹೋಗುವ ಗಾಡಿಯ ಸದ್ದಿಗೆ ಚೈನು ಸಡಿಲ, ಪ್ಲಗ್ ಹಾಳು ಎಂದು ಹೇಳುತ್ತಿದ್ದರು. ಆದಿಲ್ ಹೋದ ಮೇಲೆ ಹಾಗೆ ಹೇಳಿದ್ದು ಇದೇ ಮೊದಲು. ಇನ್ನೊಂದು ದಿನವಾಗಿದ್ದರೆ ಇರಮ್‌ಗೆ ಸಂತೋಷವಾಗುತ್ತಿತ್ತು.

"ಅಕೀಬ್‌ನ ಬಿಟ್ರಾ?"

"ಇಲ್ಲ ಅಬ್ಬಾ."

"ಆ ಹುಡುಗ ಅಂಥವನಲ್ಲ. ನೀನು ತಪ್ಪು ಮಾಡ್ತಿದೀಯ," ಎಂದರು ಅಬ್ಬಾ. ಬೈಯುವ ದನಿಯಲ್ಲ, ಬೇಸರದ ದನಿ.

ಇರಮ್ ಒಳಗಿನ ಕೋಣೆಯ ಪರದೆ ಸರಿಸಿದಳು.

ಬುಶ್ರಾ ಇದ್ದತ್ತಿನಲ್ಲಿದ್ದಳು. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಮುಂದೆ ಬರುವಂತಿಲ್ಲ. ಶಿವಮೂರ್ತಿ ಒಮ್ಮೆ ಮನೆಗೆ ಬಂದು, ಬಾಗಿಲಲ್ಲೇ ನಿಂತು, ಆದಿಲ್‌ನ ಹೆಂಡತಿಯನ್ನು ಏನಾದರೂ ಕೇಳಬಹುದೇ ಎಂದಿದ್ದರು. 'ಅವಳಿಗೇನು ಗೊತ್ತು, ಪಾಪದ ಹುಡುಗಿ' ಎಂದು ಅಮ್ಮಿಯೇ ಉತ್ತರ ಕೊಟ್ಟು ಕಳಿಸಿದ್ದರು. ಇಡೀ ಕೇಸಿನಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳದೆ ಬಿಟ್ಟ ವ್ಯಕ್ತಿಯೆಂದರೆ ಅವಳೊಬ್ಬಳೇ. ದಿನವೂ ಅವಳ ಪಕ್ಕದಲ್ಲೇ ಮಲಗುತ್ತಿದ್ದ ಇರಮ್ ಕೂಡ ಕೇಳಿರಲಿಲ್ಲ.

"ಭಾಭಿ, ನಾನು ಕೊಟ್ಟ ಉಗುರುಬಣ್ಣ ಎಲ್ಲಿದೆ?"

ಬುಶ್ರಾ ತನ್ನ ಬಳೆಯಿಲ್ಲದ ಕೈಗಳನ್ನು ನೋಡಿಕೊಂಡಳು. "ಈಗ ಅದು ಯಾಕೆ?"

"ಭಾಯ್‌ಜಾನ್ ಗಾಡಿ ಮೇಲೆ ಅದರ ಗೆರೆ ನೋಡಿದೆ."

ಬುಶ್ರಾಳ ಮುಖದಲ್ಲಿ ನಗುವಿನಂಥದ್ದು ಬಂತು. ಇಷ್ಟು ದಿನಗಳಲ್ಲಿ ಇರಮ್ ಅದನ್ನು ಕಂಡಿರಲಿಲ್ಲ. ಬುಶ್ರಾ ಪರದೆಯ ಕಡೆ ನೋಡಿ, ಅಬ್ಬಾ ಕಿವಿಗೂ ಬೀಳದಷ್ಟು ದನಿ ತಗ್ಗಿಸಿದಳು.

"ಅಮ್ಮಿಗೆ ಹೇಳ್ಬೇಡ. ನಿನ್ನ ಭಾಯ್‌ಜಾನ್ ನಂಗೆ ಗಾಡಿ ಕಲಿಸ್ತಿದ್ರು. ಹರದನಹಳ್ಳಿ ಆಚೆ ಒಂದು ಬಯಲಿದೆಯಲ್ಲ, ಭಾನುವಾರ ಬೆಳಿಗ್ಗೆ ಅಲ್ಲಿಗೆ. ಹರದನಹಳ್ಳೀಲಿ ಹೆಂಗಸರಿಗೆ ಹೊಲಿಗೆ ಹೇಳಿಕೊಡು ಅಂತ ಕರೆದಿದ್ರು. ಬಸ್ಸು ನಂಬ್ಕೊಂಡ್ರೆ ಆಗಲ್ಲ. ಸ್ಕೂಟರ್ ತಗೋ ಅಂದ್ರು, ನಾನೇ ಗೇರ್ ಗಾಡೀನೇ ಬೇಕು ಅಂದೆ. ಹಠ."

"ಕಾಲು ಎಟುಕ್ತಿತ್ತಾ?"

"ಎಲ್ಲಿ? ನನ್ನ ಎತ್ತರ ನೋಡು. ಬೆರಳ ತುದೀಲಿ ನಿಲ್ತಿದ್ದೆ. ಅದಕ್ಕೇ ಮುಂದೆ ಒಂದು ಬೆರಳು ತಗ್ಗಿಸಿದ್ರು. ಇದರ ಮೇಲೆ ಒಂದು ನೂಲು ಕೂಡ ತಗ್ಗಿಸಲ್ಲ, ಕಲಿತ ಮೇಲೆ ಮೊದಲಿನ ಹಾಗೆ ಮಾಡ್ತೀನಿ ಅಂದ್ರು. ಗುರುತಿಗೆ ನಾನೇ ಗೆರೆ ಎಳೆದೆ. ಉಗುರಿಗೆ ಹಾಕೋದನ್ನ ಗಾಡಿಗೆ ಹಾಕ್ತೀಯಲ್ಲ ಅಂತ ನಕ್ಕರು."

ಇರಮ್‌ಳ ಎದೆ ಹಗುರಾಯಿತು. ಗೆರೆ ಬುಶ್ರಾಳದು, ಒಂದು ಬೆರಳು ಅಣ್ಣನದು. ಹಾಗಾದರೆ ಇನ್ನೊಂದು ಬೆರಳು ಅಕೀಬನದೇ ಇರಬೇಕು. ಆ ಲೆಕ್ಕಕ್ಕೆ ಎದೆ ಮತ್ತೆ ಭಾರವಾಯಿತು.

"ಆಮೇಲೆ ಗಾಡಿ ಯಾರ ಕೈಗೆ ಹೋಯ್ತು ಭಾಭಿ? ಅಕೀಬ್ ಮನೆಗೆ ಬಂದಿದ್ನಾ?"

"ಅಕೀಬ್ ಭಾಯಿ ಯಾಕೆ ಬರ್ತಾರೆ? ಹಿಂದಿನ ದಿನ ಗಾಡಿ ಇಲ್ಲೇ ಅಂಗಳದಲ್ಲಿತ್ತು. ಇವರು ಸಾಮಾನು ತರೋಕೆ ಬಸ್ಸಲ್ಲಿ ಮೈಸೂರಿಗೆ ಹೋಗಿದ್ರು. ಅಮ್ಮಿ ಪಕ್ಕದ ಬೀದಿ ಮದುವೆ ಮನೇಲಿದ್ರು." ಬುಶ್ರಾ ಮತ್ತೆ ಪರದೆಯ ಕಡೆ ನೋಡಿದಳು. ಈ ಸಲ ಅವಳ ಕಣ್ಣಿನಲ್ಲಿ ಪ್ರೀತಿಯಿತ್ತು. "ಇನ್ನೊಂದು ಗುಟ್ಟು ಹೇಳ್ಲಾ? ಅಬ್ಬಾಗೆ ಎಲ್ಲಾ ಗೊತ್ತಿತ್ತು."

"ಏನು ಗೊತ್ತಿತ್ತು?"

"ನಾನು ಕಲೀತಿರೋದು. ಭಾನುವಾರ ಗಲ್ಲಿ ತಿರುವಲ್ಲಿ ಇವರು ನಂಗೆ ಓಡಿಸೋಕೆ ಕೊಡ್ತಿದ್ರಲ್ಲ, ಕ್ಲಚ್ ಬಿಡೋ ಸದ್ದಲ್ಲೇ ಹೊಸ ಕೈ ಅಂತ ಹಿಡಿದ್ಬಿಟ್ರಂತೆ. ಅವತ್ತು ನನ್ನ ಕರೆದು, ಬೇಟಿ, ಗಾಡಿ ಮೇಲೆ ಕೂತು ತೋರ್ಸು ಅಂದ್ರು. ಕೂತೆ. ಕೈ ಹಾಕಿ ನನ್ನ ಹಿಮ್ಮಡಿ ಕೆಳಗೆ ಎಷ್ಟು ಸಂದು ಇದೆ ಅಂತ ಮುಟ್ಟಿ ನೋಡಿದ್ರು. ಹಿಂಗಾದ್ರೆ ಬಿದ್ದು ಕಾಲು ಮುರ್ಕೋತೀಯ ಅಂತ..."

ಇರಮ್ ಗೋಡೆಗೆ ಒರಗಿದಳು.

"ಅಂತ?"

"ಒಂದು ಬೆರಳು ತಗ್ಗಿಸಿಕೊಟ್ರು. ಕಣ್ಣು ಕಾಣದಿದ್ರೂ ಎಷ್ಟು ಚೆನ್ನಾಗಿ ಮಾಡಿದ್ರು ಗೊತ್ತಾ? ನಾನು ಚಕ್ರ ಹಿಡ್ಕೊಂಡಿದ್ದೆ. ಬೆರಳಿಟ್ಟೇ ಅಳತೆ ನೋಡಿದ್ರು. ಪೈಪು ಆಗಲೇ ಸ್ವಲ್ಪ ಮೇಲಿತ್ತು, ಕಂಪನಿಯಿಂದಲೇ ಹೀಗೆ ಬರುತ್ತೆ ಅನ್ಸುತ್ತೆ ಅಂದ್ರು."

"ಭಾಯ್‌ಜಾನ್ ಮೊದಲೇ ತಗ್ಗಿಸಿದಾರೆ ಅಂತ ನೀನು ಹೇಳ್ಲಿಲ್ವಾ?"

"ಇವರು ಯಾರಿಗೂ ಹೇಳ್ಬೇಡ ಅಂದಿದ್ರಲ್ಲ. ಮತ್ತೆ ಅಬ್ಬಾ ಅಷ್ಟು ವರ್ಷ ಗ್ಯಾರೇಜ್ ನಡೆಸಿದೋರು. ನಮ್ಮ ಕಾಲದಲ್ಲಿ ಎಷ್ಟು ಗಾಡಿ ಹೀಗೆ ಇಳಿಸಿಕೊಟ್ಟಿಲ್ಲ, ಏನೂ ಆಗಲ್ಲ ಅಂದ್ರು."

ಅಬ್ಬಾ ಕಾಲದ ಗಾಡಿಗಳಿಗೆ ಮುಂದೆ ಡ್ರಮ್ ಬ್ರೇಕು. ಎಷ್ಟು ಜೋರಾಗಿ ಹಿಡಿದರೂ ಅವು ನಿಧಾನಕ್ಕೆ ಯೋಚನೆ ಮಾಡಿ ನಿಲ್ಲುತ್ತಿದ್ದವು. ಮೂತಿ ಎಷ್ಟು ತಗ್ಗಿದ್ದರೂ ಅದನ್ನು ನೆಲಕ್ಕೆ ಒತ್ತುವಷ್ಟು ಶಕ್ತಿ ಆ ಬ್ರೇಕಿಗೇ ಇರಲಿಲ್ಲ. ಆದಿಲ್‌ನ ಗಾಡಿಗೆ ಡಿಸ್ಕು. ಎರಡು ಬೆರಳಲ್ಲಿ ಎಳೆದರೆ ಕಚ್ಚಿ ಹಿಡಿಯುವಂಥದ್ದು. ಅದು ಬರುವ ಹೊತ್ತಿಗೆ ಅಬ್ಬಾ ಕಣ್ಣಿಗೆ ಪೊರೆ ಬಂದು ಅವರು ಮನೆ ಸೇರಿದ್ದರು.

"ಆದಿಲ್‌ಗೆ ಹೇಳ್ಬೇಡ, ಭಾನುವಾರ ಬಯಲಲ್ಲಿ ನಿನ್ನ ಎರಡೂ ಕಾಲು ನೆಲಕ್ಕೆ ತಾಗಿದಾಗ, ನನ್ನ ಹೆಂಡ್ತಿ ಉದ್ದ ಆದ್ಲು ಅಂತ ಬೆರಗಾಗ್ಲಿ ಅಂದ್ರು. ಬೋಲ್ಟೆಲ್ಲ ಬಿಗಿ ಮಾಡಿ, ಒಂದೊಂದರ ತಲೆ ಮೇಲೂ ಸುಣ್ಣದ ಚುಕ್ಕಿ ಇಟ್ರು."

ಸುಣ್ಣ. ಇರಮ್ ಕಣ್ಣು ಮುಚ್ಚಿಕೊಂಡಳು. ಚಿಕ್ಕವಳಿದ್ದಾ‌ಗ ಅಬ್ಬಾಗೆ ಊಟದ ಡಬ್ಬಿ ಒಯ್ದಾಗಲೆಲ್ಲ ನೋಡಿದ್ದಳು. ಬಿಗಿ ಮಾಡಿ ಮುಗಿಸಿದ ಬೋಲ್ಟು ಯಾವುದು, ಬಾಕಿ ಯಾವುದು ಎಂದು ಗೊತ್ತಾಗಲು ಅಬ್ಬಾ ಎಲೆಯಡಿಕೆಯ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಚುಕ್ಕಿ ಇಡುತ್ತಿದ್ದರು. ಊರಿನಲ್ಲಿ ಬೇರೆ ಯಾವ ಮೆಕ್ಯಾನಿಕ್ಕೂ ಹಾಗೆ ಮಾಡುತ್ತಿರಲಿಲ್ಲ. ಅಬ್ಬಾ ಕೈಕೆಳಗೆ ಕೆಲಸ ಕಲಿತ ಅಕೀಬನಿಗೆ ಆ ಚುಕ್ಕಿ ಯಾರದೆಂದು ತಿಳಿಯಲು ಒಂದು ನೋಟ ಸಾಕಿತ್ತು. ಅವನು ಒರೆಸಿದ್ದು ಅದನ್ನೇ. ಅವಳು ಕೊಲೆಗಾರ ಎಂದು ಬೊಟ್ಟು ಮಾಡಿದ ಹುಡುಗ, ತನ್ನ ಗೆಳೆಯನ ಹೆಣದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೆಲಸ ಕಲಿಸಿದ ಉಸ್ತಾದನ ಗುರುತು ಅಳಿಸಿದ್ದ.

"ಬೆಳಿಗ್ಗೆ ಹೊರಡುವಾಗ ಇವರಿಗೆ ಅನುಮಾನ ಬಂತು," ಬುಶ್ರಾ ಹೇಳುತ್ತಲೇ ಇದ್ದಳು. "ಗಾಡಿ ಮೂತಿ ಒಂಥರಾ ಇದೆಯಲ್ಲ ಅಂದ್ರು. ನಾನು ಬಾಗಿಲಲ್ಲಿ ನಿಂತು ನಕ್ಕುಬಿಟ್ಟೆ. ಯಾಕೆ ನಗ್ತೀಯ ಅಂದ್ರು. ಭಾನುವಾರ ಹೇಳ್ತೀನಿ ಅಂದೆ. ಗುಂಡ್ಲುಪೇಟೇಲಿ ಯಾರದೋ ಗಾಡಿ ನಿಂತೋಗಿದೆ, ಬಂದು ನೋಡ್ತೀನಿ ಅಂತ ಹೋದ್ರು..."

ಬುಶ್ರಾ ಇರಮ್‌ಳ ಮುಖ ನೋಡಿದಳು. ಅವಳ ನಗು ಎಲ್ಲಿತ್ತೋ ಅಲ್ಲೇ ಸತ್ತುಹೋಯಿತು.

"ಇರಮ್," ಎಂದಳು. "ಒಂದು ಬೆರಳಿಗೆ ಏನೂ ಆಗಲ್ಲ ಅಂದಿದ್ರು ಇಬ್ರೂ."

ಇರಮ್ ಅವಳನ್ನು ಬಾಚಿ ತಬ್ಬಿಕೊಂಡಳು. ಹೊರಗೆ ಕೇಳಿಸದಂತೆ ಬುಶ್ರಾ ಅವಳ ಭುಜ ಕಚ್ಚಿ ಹಿಡಿದಳು. ಈ ಮನೆಯಲ್ಲಿ ಯಾರೂ ಆದಿಲ್‌ನನ್ನು ಕೊಂದಿರಲಿಲ್ಲ. ಗಂಡ ಪ್ರೀತಿಯಿಂದ ಒಂದು ಬೆರಳು, ಮಾವ ಪ್ರೀತಿಯಿಂದ ಒಂದು ಬೆರಳು ತಗ್ಗಿಸಿದ್ದರು, ಅಷ್ಟೇ. ಇದಕ್ಕೆ ಯಾವ ಠಾಣೆಯಲ್ಲಿ ದೂರು ಕೊಡುವುದು? ಕೊಲೆಗಾರ ಸಿಕ್ಕಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆಗ ಫೋನು ಬಂತು. ಶಿವಮೂರ್ತಿ. ಇರಮ್ ಎದ್ದು ನಡುಮನೆಗೆ ಬಂದು ತೆಗೆದುಕೊಂಡಳು; ಒಳಗೆ ಸಿಗ್ನಲ್ ಸಿಗುವುದಿಲ್ಲ.

"ನೀವೇ ಸರಿ ಕಣಮ್ಮ. ಅಕೀಬ್ ಒಪ್ಕೊಂಡ್ಬುಟ್ಟ. ತಗ್ಗಿಸಿದ್ದು ನಾನೇ, ಎರಡು ಬೆರಳೂ ನಂದೇ ಅಂತ ಹೇಳ್ಕೆ ಕೊಟ್ಟವ್ನೆ. ಯಾಕಪ್ಪ ಅಂದ್ರೆ ಬಾಯಿ ಬುಡ್ತಿಲ್ಲ. ನಾಳೆ ಕೋರ್ಟಿಗೆ ಕರ್ಕೊಂಡೋಗ್ತೀವಿ. ಒಂದೇ ಒಂದು ಕೇಳ್ಕೊಂಡ. ಗಾಡಿನ ಗುಜರಿಗೆ ಕೊಟ್ಬುಡಿ, ಉಸ್ತಾದ್‌ಗೆ ಮಾತ್ರ ತೋರ್ಸ್‌ಬ್ಯಾಡಿ ಅಂತ. ಯಾರಮ್ಮ ಉಸ್ತಾದ್ ಅಂದ್ರೆ?"

ನಿಜ ಹೇಳಿದರೆ ಅಕೀಬ್ ಈಗಲೇ ಮನೆಗೆ ಬರುತ್ತಾನೆ. ನಿಜ ಹೇಳಿದರೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ ಮನುಷ್ಯ ಇನ್ನೆಂದೂ ಅಲ್ಲಿಂದ ಏಳುವುದಿಲ್ಲ. ಇರಮ್ ಫೋನನ್ನು ಕಿವಿಯಿಂದ ಇಳಿಸಿದಳು.

ಅಬ್ಬಾ ಆಗಲೇ ಎದ್ದು ನಿಂತಿದ್ದರು. ಆ ಕಿವಿಗಳಿಗೆ ಫೋನಿನ ಆಚೆಯ ದನಿ ಯಾವ ಲೆಕ್ಕ?

"ಸುಳ್ಳು," ಎಂದರು. "ಸ್ಪ್ಯಾನರ್ ಹಿಡಿಯೋದು ಕಲಿಸಿದ್ದು ನಾನು. ಆ ಹುಡುಗ ಯಾರನ್ನೋ ಉಳಿಸ್ತಿದಾನೆ."

"ಅಬ್ಬಾ, ಬೇಡ. ನಾಳೆ ಚಾಲೀಸ್ವಾಂ ಇದೆ. ಆಮೇಲೆ ಹೋಗೋಣ."

"ಆಮೇಲೆ ಗಾಡಿ ಎಲ್ಲಿರುತ್ತೆ? ಗುಜರಿಗೆ ಕೊಡು ಅಂದಿದ್ದು ನನ್ನ ತಪ್ಪು. ನಂಗೆ ಧೈರ್ಯ ಇರಲಿಲ್ಲ ಬೇಟಿ. ಕಣ್ಣೂ ಇರಲಿಲ್ಲ." ಅವರು ಕಪ್ಪು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಪೊರೆ ಹೋದ ಕಣ್ಣುಗಳು ಹೊಳೆಯುತ್ತಿದ್ದವು. "ಈಗ ಸೂಜಿಗೆ ದಾರ ಪೋಣಿಸ್ತೀನಿ. ಒಂದು ಸಲ ಬೋಲ್ಟು ನೋಡಿದ್ರೆ ಸಾಕು, ಯಾರ ಕೈ ಅಂತ ಹೇಳ್ತೀನಿ. ಯಾರೇ ಆಗಿರ್ಲಿ, ಹೆಸರು ನಾನೇ ಸಾಹೇಬ್ರಿಗೆ ಬರೆಸ್ತೀನಿ."

ಅಮ್ಮಿ ಮೊರ ಕೆಳಗಿಟ್ಟರು. ಪರದೆಯ ಅಂಚನ್ನು ಹಿಡಿದ ಬುಶ್ರಾಳ ಬೆರಳುಗಳು ಮಾತ್ರ ಕಾಣುತ್ತಿದ್ದವು. ಕೈಯಲ್ಲಿದ್ದ ಫೋನಿನಿಂದ ಇನ್ಸ್‌ಪೆಕ್ಟರ್ "ಹಲೋ, ಹಲೋ" ಎನ್ನುತ್ತಲೇ ಇದ್ದರು.

ಅಬ್ಬಾ ಸುಣ್ಣದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದರು. ಇರಮ್ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು, ಎರಡೂ ಕೈಗಳನ್ನು ಬಾಗಿಲಿನ ಎರಡೂ ಕಡೆಗೆ ಚಾಚಿ.

ಅಬ್ಬಾ ಅವಳನ್ನು ನೋಡಿದರು. ಎಷ್ಟೋ ವರ್ಷಗಳ ಮೇಲೆ ಮಗಳ ಮುಖವನ್ನು ಅವರು ಅಷ್ಟು ಹತ್ತಿರದಿಂದ, ಅಷ್ಟು ಸ್ಪಷ್ಟವಾಗಿ ನೋಡಿದ್ದು ಅದೇ ಮೊದಲು.

"ಯಾಕೆ ಬೇಟಿ?" ಎಂದರು. "ನಿಂಗೆ ಯಾರು ಅಂತ ಗೊತ್ತಾ?"